ಸಂಗೀತ ಪತ್ರಿಕೆಗಳ ಮುಖಪುಟದಲ್ಲಿ ಅಕ್ಷರಗಳೆಲ್ಲ ಎಡಕ್ಕೇಕೆ ಒತ್ತಿಕೊಂಡಿರುತ್ತವೆ?

ಬಣ್ಣದಡಬ್ಬಿ (ಪ್ರಶ್ನೆ):
ನಾನು ಬೆಂಗಳೂರಿನಲ್ಲಿ ಗ್ರಾಫಿಕ್ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿನಿ. ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಕ್ಯೂ, ಮೋಜೋ, ಕೆರಾಂಗ್ ಎಂಬ ಬ್ರಿಟಿಷ್ ಸಂಗೀತ ಪತ್ರಿಕೆಗಳ ಏಳೆಂಟು ಹಳೆಯ ಸಂಚಿಕೆಗಳು ಸಿಕ್ಕಿದವು. ಮನೆಗೆ ತಂದು ನೆಲದ ಮೇಲೆ ಹರಡಿಕೊಂಡು ನೋಡಿದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಒಳಗಿನ ಲೇಖನಗಳನ್ನು ಸಾರುವ ಸಾಲುಗಳು ಬಹುಪಾಲು ಎಡ ಅಂಚಿನ ಉದ್ದಕ್ಕೂ ಒಂದರ ಮೇಲೊಂದು ಪೇರಿಸಿಟ್ಟಂತಿವೆ. ಬಲಗಡೆ ಗಾಯಕನ ಭುಜವೋ ಗಿಟಾರಿನ ಕತ್ತೋ ಬಿಟ್ಟರೆ ಹೆಚ್ಚೇನೂ ಇಲ್ಲ. ಒಂದು ಸಂಚಿಕೆಯಲ್ಲಂತೂ ಕಲಾವಿದನ ತಲೆ ಪತ್ರಿಕೆಯ ಹೆಸರಿನ ಮೇಲೆಯೇ ಬಂದು ಎರಡು ಅಕ್ಷರಗಳನ್ನು ಮುಚ್ಚಿಬಿಟ್ಟಿದೆ. ಪುಟದ ಭಾರ ಎರಡೂ ಕಡೆ ಸಮವಾಗಿರಬೇಕೆಂದು ನಮಗೆ ತರಗತಿಯಲ್ಲಿ ಹೇಳಿಕೊಡುತ್ತಾರೆ. ಹಾಗಿರುವಾಗ ಇದು ಅಲ್ಲಿನವರ ಅಭಿರುಚಿಯೋ ಅಥವಾ ಮಾರಾಟದ ಲೆಕ್ಕಾಚಾರವೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊಳೆಜೋಡಣೆ:
ಲೆಕ್ಕಾಚಾರವೇ. ಓದುವ ದಿನಗಳಲ್ಲಿ ಇಂಗ್ಲೆಂಡಿನ ರೈಲು ನಿಲ್ದಾಣವೊಂದರ ಪತ್ರಿಕೆಯ ಅಂಗಡಿಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದರಿಂದ ಇದನ್ನು ಕೈಯಾರೆ ಬಲ್ಲೆ. ಅಲ್ಲಿ ಒಂದೇ ಸಾಲಿನಲ್ಲಿ ಆದಷ್ಟು ಹೆಚ್ಚು ಪತ್ರಿಕೆಗಳನ್ನು ಹಿಡಿಸಬೇಕಾದ್ದರಿಂದ, ಕೈಯಲ್ಲಿ ಹಿಡಿದ ಇಸ್ಪೀಟು ಎಲೆಗಳಂತೆ ಒಂದರ ಬಲಭಾಗವನ್ನು ಇನ್ನೊಂದು ಮುಚ್ಚುವ ಹಾಗೆ ಜೋಡಿಸುತ್ತಿದ್ದೆವು. ಕೊಳ್ಳುವವನಿಗೆ ಕಾಣುವುದು ಎಡಗಡೆಯ ನಾಲ್ಕು ಬೆರಳಗಲದ ಪಟ್ಟಿ ಮಾತ್ರ. ನೀವು ನೆಲದ ಮೇಲೆ ಹರಡಿ ನೋಡಿದ ಪುಟವನ್ನು ಅದನ್ನು ರೂಪಿಸಿದವರು ಆ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿರುತ್ತಾರೆ. 1986ರಲ್ಲಿ ಆರಂಭವಾದ ಕ್ಯೂ ಪತ್ರಿಕೆಯ ಹೆಸರನ್ನೇ ನೋಡಿ: ಎಡ ಮೇಲ್ತುದಿಯಲ್ಲಿ ಒಂದು ಕೆಂಪು ಚೌಕ, ಅದರೊಳಗೆ ಒಂದೇ ಒಂದು ಬಿಳಿಯ ಅಕ್ಷರ. ಎಷ್ಟೇ ಒತ್ತಾಗಿ ಜೋಡಿಸಿದರೂ ಅದು ಪೂರ್ತಿ ಕಾಣುತ್ತದೆ. ಉದ್ದ ಹೆಸರಿನವರಿಗೆ ಈ ಭಾಗ್ಯವಿಲ್ಲ.

ತಲೆ ಹೆಸರನ್ನು ಮುಚ್ಚುವುದು ಬೇರೆಯ ಮಾತು. ಚೂರು ಬಣ್ಣ ಕಂಡರೂ ಓದುಗ ಗುರುತು ಹಿಡಿಯುತ್ತಾನೆಂಬ ಧೈರ್ಯ ಇದ್ದವರು ಮಾತ್ರ ಅದನ್ನು ಮಾಡುತ್ತಾರೆ. ಹೊಸ ಪತ್ರಿಕೆ ಹಾಗೆ ಮಾಡಿದರೆ ಅದರ ಹೆಸರು ಯಾರಿಗೂ ತಿಳಿಯದೆ ಹೋಗುತ್ತದೆ. ಇನ್ನೊಂದು ಮಾತು: ಮುಖಪುಟದ ಕಲಾವಿದ ಬಹುತೇಕ ನೇರವಾಗಿ ನಿಮ್ಮ ಕಣ್ಣನ್ನೇ ನೋಡುತ್ತಿರುತ್ತಾನೆ. ಅಂಗಡಿಯಲ್ಲಿ ನೂರಾರು ಮುಖಗಳ ನಡುವೆ ನಮ್ಮನ್ನು ದಿಟ್ಟಿಸುವ ಮುಖದತ್ತ ನಾವೂ ತಿರುಗುವುದು ಸಹಜವಷ್ಟೆ. ಮುಖ ನೋಡಿ ಮಣೆ ಹಾಕುವುದು ನಮ್ಮಲ್ಲಿ ಬೈಗುಳ, ಅಲ್ಲಿ ಅದೇ ವ್ಯಾಪಾರ.

ಕಪ್ಪುತಟ್ಟೆ:
ಮೇಲಿನವರು ಅಂಗಡಿಯ ಕಡೆಯಿಂದ ಹೇಳಿದರು. ಕೊಳ್ಳುವವನ ಕಡೆಯಿಂದಲೂ ನೋಡಬೇಕು. 1981ರಲ್ಲಿ ಎಸಿ/ಡಿಸಿ ರಾಕ್ ತಂಡದ ಗಿಟಾರ್ ವಾದಕ ಆಂಗಸ್ ಯಂಗ್ ಅವರ ಚಿತ್ರದೊಂದಿಗೆ ಹೊರಬಂದ ಕೆರಾಂಗ್‌ನ ಹೆಸರೇ ವಿದ್ಯುತ್ ಗಿಟಾರಿನ ಅಬ್ಬರದ ಅನುಕರಣ ಶಬ್ದ, ನಮ್ಮ 'ಝಣ್' ಇದ್ದಂತೆ. ಅದರ ಅಕ್ಷರಗಳು ಬಡಿತಕ್ಕೆ ಬಿರುಕುಬಿಟ್ಟ ಗಾಜಿನಂತಿವೆ. ಕೊಳ್ಳುವವರಲ್ಲಿ ಬಹುಮಂದಿ ಹದಿಹರೆಯದವರಾಗಿದ್ದರು, ಅವರಿಗೆ ಕೋಣೆಯ ಗೋಡೆಗೆ ಅಂಟಿಸಲು ಪೋಸ್ಟರ್ ಬೇಕಿತ್ತು. ಆದ್ದರಿಂದ ಒಳಗೆ ಯಾವ ಯಾವ ಪೋಸ್ಟರ್‌ಗಳಿವೆ ಎಂಬುದನ್ನು ಮುಖಪುಟದಲ್ಲಿಯೇ ಪುಟ್ಟ ಚಿತ್ರಗಳ ಮೂಲಕ ತೋರಿಸುತ್ತಿದ್ದರು. 1993ರಲ್ಲಿ ಬಂದ ಮೋಜೋ ಇದಕ್ಕೆ ತೀರಾ ವಿರುದ್ಧ. ಅದರ ಓದುಗರು ಅರವತ್ತು, ಎಪ್ಪತ್ತರ ದಶಕಗಳ ಸಂಗೀತವನ್ನು ಮೆಚ್ಚಿಕೊಂಡವರು. ಅವರ ಕೈಯನ್ನು ಜೇಬಿಗೆ ಹೋಗುವಂತೆ ಮಾಡುವುದು ಕಿರುಚುವ ಬಣ್ಣವಲ್ಲ, ಹಿಂದೆಂದೂ ಕಾಣದ ಒಂದು ಹಳೆಯ ಛಾಯಾಚಿತ್ರ. ಜೊತೆಗೆ ಮುಖಪುಟಕ್ಕೆ ಅಂಟಿಸಿದ ಉಚಿತ ಸಿ.ಡಿ. ಬೇರೆ. ನಿಮ್ಮ ಸಂಚಿಕೆಯಲ್ಲಿ ಸಿ.ಡಿ. ಕಿತ್ತ ಅಂಟಿನ ಗುರುತಿದ್ದರೆ ಗಮನಿಸಿ: ಅದರ ಕೆಳಗೆ ಮುಖ್ಯವಾದ ಯಾವ ಸಾಲೂ ಇರುವುದಿಲ್ಲ.

ಸಾಲುಗಳಿಗಿಂತ ಕಥೆಯೇ ಮಾರಾಟವಾದ ಉದಾಹರಣೆಯೂ ಇದೆ. 1995ರ ಆಗಸ್ಟ್ 14ರಂದು ಬ್ರಿಟನ್ನಿನ ಎದುರಾಳಿ ರಾಕ್ ತಂಡಗಳಾದ ಬ್ಲರ್ ಮತ್ತು ಒಯಾಸಿಸ್‌ಗಳ ಹೊಸ ಹಾಡುಗಳು ಒಂದೇ ದಿನ ಬಿಡುಗಡೆಯಾಗಲಿದ್ದವು. ಅದಕ್ಕೆ ತುಸು ಮೊದಲು ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ಎಂಬ ಬ್ರಿಟಿಷ್ ಸಂಗೀತ ವಾರಪತ್ರಿಕೆ ಎರಡೂ ತಂಡಗಳ ಗಾಯಕರ ಮುಖಗಳನ್ನು ಅಕ್ಕಪಕ್ಕ ಇಟ್ಟು, ಬಾಕ್ಸಿಂಗ್ ಪಂದ್ಯದ ಭಿತ್ತಿಪತ್ರದಂತೆ ಮುಖಪುಟ ಮಾಡಿತು. ಸಂಗೀತ ಕೇಳದವರಿಗೂ ಕುಸ್ತಿ ಎಂದರೆ ಕುತೂಹಲವಿರುತ್ತದೆ ಎಂಬುದು ಸಂಪಾದಕರಿಗೆ ಗೊತ್ತಿತ್ತು.

ತುಂಗಾತೀರ:
ಎಲ್ಲವೂ ಸರಿ, ಆದರೆ ಇವುಗಳನ್ನು ಸೂತ್ರವೆಂದು ಕಲಿಯಬೇಡಿ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯ 1981ರ ಜನವರಿ 22ರ ಸಂಚಿಕೆಯನ್ನು ನೆನೆಯಿರಿ. ಬೀಟಲ್ಸ್ ತಂಡದ ಗಾಯಕನಾಗಿದ್ದ ಜಾನ್ ಲೆನನ್ ಹತ್ಯೆಯಾದ 1980ರ ಡಿಸೆಂಬರ್ 8ರಂದೇ, ಅದಕ್ಕೆ ಕೆಲವು ಗಂಟೆಗಳ ಮುಂಚೆ, ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ತೆಗೆದ ಚಿತ್ರ ಅದು: ಲೆನನ್ ಬೆತ್ತಲಾಗಿ, ಮಗುವಿನಂತೆ ಮುದುಡಿ, ಕಪ್ಪು ಉಡುಪಿನ ಪತ್ನಿ ಯೋಕೋ ಓನೋ ಅವರನ್ನು ಅಪ್ಪಿಕೊಂಡಿದ್ದಾರೆ. ಕಲಾವಿದ ನಮ್ಮನ್ನು ನೋಡುತ್ತಿಲ್ಲ, ಕಣ್ಣು ಮುಚ್ಚಿದ್ದಾರೆ. ಪತ್ರಿಕೆಯ ಹೆಸರನ್ನು ಬಿಟ್ಟರೆ ಲೇಖನಗಳನ್ನು ಸಾರುವ ಒಂದು ಸಾಲೂ ಇಲ್ಲ. ಏಕೆಂದರೆ ಸುದ್ದಿ ಆಗಲೇ ಜಗತ್ತಿಗೆಲ್ಲ ತಿಳಿದಿತ್ತು.

ಕೂಗಬೇಕಾಗಿಲ್ಲದ ಇನ್ನೊಂದು ಸಂದರ್ಭ ಚಂದಾದಾರರದ್ದು. ಅವರು ಮೊದಲೇ ಹಣ ಕಟ್ಟಿರುವುದರಿಂದ, ಅಂಚೆಯಲ್ಲಿ ಹೋಗುವ ಪ್ರತಿಗಳಿಗೆ ಸಾಲುಗಳ ಗದ್ದಲವಿಲ್ಲದ ಬೇರೆಯ ಮುಖಪುಟವನ್ನು ಕ್ಯೂ ಪತ್ರಿಕೆ ಮಾಡುತ್ತಿತ್ತು. ಸಿಕ್ಕರೆ ಒಂದೇ ತಿಂಗಳ ಎರಡು ಮುಖಪುಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಚಿತ್ರಕ್ಕೂ ಸಾಲುಗಳಿಗೂ ಜಗಳ ಎಲ್ಲಿ ನಡೆದಿತ್ತು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಬಣ್ಣದಡಬ್ಬಿ:
ಎಲ್ಲರಿಗೂ ಧನ್ಯವಾದಗಳು. ಮೊಳೆಜೋಡಣೆಯವರು ಹೇಳಿದಂತೆ ಎಲ್ಲ ಸಂಚಿಕೆಗಳನ್ನೂ ಇಸ್ಪೀಟು ಎಲೆಗಳ ಹಾಗೆ ಜೋಡಿಸಿ ಬಾಗಿಲ ಬಳಿ ನಿಂತು ನೋಡಿದೆ. ಕ್ಯೂ ಪತ್ರಿಕೆಯ ಕೆಂಪು ಚೌಕಗಳು ಒಂದೂ ತಪ್ಪದೆ ಕಂಡವು. ಬಳಿಕ ನಾನು ತರಗತಿಗಾಗಿ ಮಾಡಿಟ್ಟಿದ್ದ ಕನ್ನಡ ಸಂಗೀತ ಪತ್ರಿಕೆಯ ಮಾದರಿ ಮುಖಪುಟವನ್ನು ಅವುಗಳ ನಡುವೆ ಸಿಕ್ಕಿಸಿದೆ. ವೀಣೆಯ ಒಂದು ಕುಂಬಳಬುರುಡೆ ಬಿಟ್ಟು ಬೇರೇನೂ ಕಾಣಲಿಲ್ಲ.

ಮೊಳೆಜೋಡಣೆ:
ಅದಕ್ಕಾಗಿ ಎಲ್ಲವನ್ನೂ ಎಡಕ್ಕೆ ತಳ್ಳಲು ಹೋಗಬೇಡಿ. ನಮ್ಮ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಪತ್ರಿಕೆಗಳನ್ನು ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡುತ್ತಾರೆ, ಇಲ್ಲವೇ ಒಂದರ ಕೆಳಗೊಂದು ಇಟ್ಟು ಮೇಲಿನ ಪಟ್ಟಿ ಮಾತ್ರ ಕಾಣುವಂತೆ ಮಾಡುತ್ತಾರೆ. ನಿಮ್ಮ ಪತ್ರಿಕೆ ಅಲ್ಲಿ ಮಾರಾಟವಾಗಬೇಕಾದರೆ ವೀಣೆ ನುಡಿಸುವವರ ಮುಖವನ್ನೂ ಮುಖ್ಯವಾದ ಸಾಲನ್ನೂ ಮೇಲಕ್ಕೆ ಏರಿಸಿ, ಕ್ಲಿಪ್ ಕೂರುವ ಜಾಗದಲ್ಲಿ ಅಕ್ಷರ ಬಾರದಂತೆ ನೋಡಿಕೊಳ್ಳಿ.