ಇಳಿತ ನೋಡಬೇಕೋ, ಓಟದ ಪಟ್ಟಿ ನೋಡಬೇಕೋ?

ಪ್ರಶ್ನೆ:
ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದೇನೆ. ಕಾಳಿ ನದಿ ಕಡಲು ಸೇರುವಲ್ಲಿ ಚೌಕಟ್ಟು ಇಟ್ಟು, ಮಂಡಿಯೂರಿ, ಕೆಸರು ಜರಡಿ ಹಿಡಿದು ಬಳಚು (ಕೆಸರಲ್ಲಿರುವ ಚಿಪ್ಪುಜೀವಿ) ಎಣಿಸುವುದು ನನ್ನ ಕೆಲಸ. ಕಡಲ ನೀರು ಇಳಿದಾಗ ಮಾತ್ರ ಇದು ಆಗುತ್ತದೆ. ಜೊತೆಗೆ ಜನವರಿಯಲ್ಲಿ ಮೊದಲ ಮ್ಯಾರಥಾನ್ ಓಡಬೇಕು, 42.195 ಕಿ.ಮೀ. ತೊಂದರೆ ಏನಂದ್ರೆ, ಈ ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಇದ್ದದ್ದು ಶನಿವಾರ ಹತ್ತು ದಾಟಿರುತ್ತದೆ. ನನ್ನ ಓಟದ ಪಟ್ಟಿಗೆ ಚಂದ್ರನ ಲೆಕ್ಕವೇ ಗೊತ್ತಿಲ್ಲ! ಮೊನ್ನೆ 24 ಕಿ.ಮೀ. ಓಡಿ ಕೆಸರಿಗಿಳಿದೆ. ಕೂತವಳಿಗೆ ಏಳಲು ಆಗಲಿಲ್ಲ, ಜರಡಿ ಊರಿಕೊಂಡು ಎದ್ದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ 1:
ವಾರದ ಪಟ್ಟಿ ಬಿಡಿ ಮಾರಾಯ್ರೆ, ಹದಿನೈದು ದಿನದ್ದು ಮಾಡಿ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಇಳಿಯುತ್ತದೆ, ಆಗ ಬರೀ ಕೆಸರಿನ ಕೆಲಸ. ಅಷ್ಟಮಿ ಹೊತ್ತಿಗೆ ಇಳಿತ ಕಮ್ಮಿ. ಉದ್ದದ ಓಟ ಅಲ್ಲಿಗೆ ಹಾಕಿ.

ಉತ್ತರ 2:
ನಾನು ಬಂದರಿನಲ್ಲಿ ಮೀನು ಅಳೆಯುವವನು. ಜೂನ್-ಜುಲೈ 61 ದಿನ ಮೀನುಗಾರಿಕೆ ನಿಷೇಧ, ಬಲೆ ಎಳೆಯುವ ಟ್ರಾಲ್ ಬೋಟು ನಿಂತಿರುತ್ತವೆ. ಆಗಲೇ ನನ್ನ ಓಟ, ಮಳೆಯಲ್ಲಿ ನೆನೆದುಕೊಂಡು. ಒಂದು ಮಾತು: ಮರಳಿನ ಇಳಿಜಾರಲ್ಲಿ ಒಂದೇ ದಿಕ್ಕಿಗೆ ಓಡಬೇಡಿ. ನನ್ನ ಎಡ ಮಂಡಿ ಹೋದದ್ದು ಹಾಗೇ.

ಪ್ರಶ್ನೆ ಕೇಳಿದವಳು:
ಅಷ್ಟಮಿ ಲೆಕ್ಕ ಸಕತ್ತಾಗಿದೆ! ಅಮ್ಮನ ಪಂಚಾಂಗ ಇಸ್ಕೊಂಡೆ. ಯಾವ ವ್ರತ ಅಂತ ಕೇಳುತ್ತಿದ್ದಾರೆ.