ಅರಿಶಿನ ಬಣ್ಣದ ಕ್ಯಾಲಿಪರ್

‘ಬಸವನಗುಡಿ ಬಳಗ’ ನಮ್ಮ ಕುಟುಂಬದ ವಾಟ್ಸಾಪ್ ಗುಂಪು. ಹದಿನೇಳು ಜನರಿದ್ದೇವೆ. ಮಾತನಾಡುವವರು ಆರು ಮಂದಿ, ಉಳಿದವರು ಓದಿ ಸುಮ್ಮನಿರುವವರು. ನಾನೂ (ಶ್ರೀಧರ) ತಮ್ಮ ವಿನಯನೂ ಅರ್ಧರ್ಧ ಹಣ ಹಾಕಿ ಒಂದು ಹಳೆಯ ಪೋರ್ಷೆ ಕೇಮನ್ ಎಸ್ ಸ್ಪೋರ್ಟ್ಸ್ ಕಾರು ಕೊಂಡಿದ್ದೇವೆ. ಲೆಕ್ಕಪತ್ರ, ಸರ್ವೀಸು ನನ್ನ ಪಾಲು. ಓಡಿಸುವ ಸುಖ ಹೆಚ್ಚಾಗಿ ಅವನ ಪಾಲು. ಕಳೆದ ವಾರ ಆ ಕಾರಿನ ಬ್ರೇಕಿಗಾಗಿ ಗುಂಪಿನಲ್ಲಿ ಮೂರು ದಿನ ಜಗಳ ನಡೆಯಿತು. (ಚಕ್ರದ ಜೊತೆ ತಿರುಗುವ ತಟ್ಟೆ ಡಿಸ್ಕ್. ಅದನ್ನು ಉಜ್ಜಿ ನಿಲ್ಲಿಸುವ ಬಿಲ್ಲೆ ಪ್ಯಾಡ್. ಎಣ್ಣೆಯ ಒತ್ತಡದಿಂದ ಪಿಸ್ಟನ್ ತಳ್ಳಿ ಆ ಬಿಲ್ಲೆಗಳನ್ನು ಅದುಮುವ ಇಕ್ಕಳ ಕ್ಯಾಲಿಪರ್.) ಕಾಗುಣಿತ ತಿದ್ದಿ, ಶುಭೋದಯದ ಹೂವಿನ ಚಿತ್ರಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ.

ಗುರುವಾರ ರಾತ್ರಿ

ವಿನಯ: (ಚಿತ್ರ) ಅಣ್ಣ, ಇದನ್ನು ನೋಡು. ಮುಂದಿನ ಎರಡು ಚಕ್ರಗಳಿಗೆ ಆರು ಪಿಸ್ಟನ್ನಿನ ಕ್ಯಾಲಿಪರ್, 355 ಮಿಲಿಮೀಟರ್ ಡಿಸ್ಕ್. ಈಗಿರುವುದು 318. ಒಟ್ಟು 4.6 ಲಕ್ಷ, ನಿನ್ನ ಪಾಲು 2.3. ಶನಿವಾರದೊಳಗೆ ಮುಂಗಡ ಕೊಡಬೇಕು.

ನಾನು: ಇದನ್ನು ನನಗೊಬ್ಬನಿಗೇ ಕಳುಹಿಸಬಹುದಿತ್ತಲ್ಲ?

ವಿನಯ: ಮೂರು ಸಲ ಕಳುಹಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ಅಮ್ಮ: ಬಣ್ಣ ಚೆನ್ನಾಗಿದೆ. ಅರಿಶಿನ ಹಚ್ಚಿದ ಹಾಗಿದೆ. ಆಯುಧಪೂಜೆಗೆ ಒಂದು ಕೆಲಸ ಉಳಿಯಿತು.

ಮೇಘಾ: ವಿನಯಣ್ಣ, ಪೋರ್ಷೆಯಲ್ಲಿ ಹಳದಿ ಕ್ಯಾಲಿಪರ್ ಎಂದರೆ ಒಳಗೆ ಸೆರಾಮಿಕ್ ಡಿಸ್ಕ್ ಇದೆ ಎಂಬ ಗುರುತು. 2001ರ 911 ಜಿಟಿ2 ಕಾಲದಿಂದ ಹಾಗೆಯೇ ಬಂದಿದೆ. ನೀವು ತೋರಿಸುತ್ತಿರುವುದು ಎರಕದ ಕಬ್ಬಿಣದ ಡಿಸ್ಕ್. ತಿಳಿದವರ ಕಣ್ಣಿಗೆ ಮದುವೆಮನೆಯ ರೋಲ್ಡ್‌ಗೋಲ್ಡ್ ಸರದ ಹಾಗೆ ಕಾಣುತ್ತದೆ.

(ಮೇಘಾ ಚಿಕ್ಕಪ್ಪನ ಮಗಳು. ಬ್ರೇಕ್ ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದಾಳೆ. ಅವಳು ಬಾಯಿ ತೆರೆದದ್ದು ನನಗೆ ಆನೆಬಲ ಬಂದಂತಾಯಿತು.)

ವಿನಯ: ಬಣ್ಣ ಬೇಕಾದರೆ ಕಪ್ಪು ಬಳಿಸುತ್ತೇನೆ. ಇರುಂಗಾಟ್ಟುಕೋಟೈಯಲ್ಲಿ ಏನಾಯಿತು ಎಂದು ಅಣ್ಣನಿಗೆ ಗೊತ್ತು.

ಅಮ್ಮ: ಏನಾಯಿತು?

ಹನ್ನೊಂದು ನಿಮಿಷ ಯಾರೂ ಬರೆಯಲಿಲ್ಲ. ಮನೆಯಲ್ಲಿ ನಾವು ಹೇಳಿರಲಿಲ್ಲ.

ವಿನಯ: ಗಾಬರಿಯಾಗಬೇಡ ಅಮ್ಮ. ಚೆನ್ನೈ ಹತ್ತಿರದ ಆ ರೇಸ್ ಟ್ರ್ಯಾಕ್ 3.7 ಕಿಲೋಮೀಟರ್. ಆರನೆಯ ಸುತ್ತಿನಲ್ಲಿ ನೇರ ಹಾದಿಯ ತುದಿಗೆ ಬಂದು ಬ್ರೇಕ್ ಒತ್ತಿದರೆ ಪೆಡಲ್ ಹಾಗೆಯೇ ಇಳಿದುಹೋಯಿತು. ಎರಡು ಸಲ ತುಳಿದು ತುಳಿದು ಬಿಟ್ಟ ಮೇಲೆ ಅಷ್ಟಿಷ್ಟು ಹಿಡಿಯಿತು. ತಿರುವಿನ ಹೊರಗೆ ಮಣ್ಣಿಗಿಳಿದು ನಿಂತೆ. ನನಗೂ ಕಾರಿಗೂ ಒಂದು ಗೀರೂ ಆಗಿಲ್ಲ.

ಅಮ್ಮ: ನಾಳೆಯಿಂದ ಆ ಕಾರು ನಮ್ಮ ಬಾಗಿಲಲ್ಲಿ ನಿಲ್ಲಬಾರದು.

ಶುಕ್ರವಾರ

ನಾನು: ಸಿಲ್ಕ್ ಬೋರ್ಡ್ ಕಡೆ ನಮ್ಮ ಕಾರು ನಲವತ್ತು ದಾಟಿದರೆ ಹಬ್ಬ. ಅಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಈಗಲೇ ಎಬಿಎಸ್ (ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಗರಗರ ಎನ್ನುತ್ತದೆ. ಅಂದರೆ ಚಕ್ರವನ್ನು ಹಿಡಿಯುವ ಬಲಕ್ಕೆ ಕೊರತೆಯಿಲ್ಲ, ಸೋಲುತ್ತಿರುವುದು ಟೈರು. ಇನ್ನೂ ದೊಡ್ಡ ಡಿಸ್ಕ್ ಹಾಕಿದರೆ ಅದೇ ಗರಗರ ಇನ್ನಷ್ಟು ಬೇಗ ಬರುತ್ತದೆ. ಕಾರು ಮಾತ್ರ ನಿಲ್ಲುವಲ್ಲೇ ನಿಲ್ಲುತ್ತದೆ.

ವಿನಯ: ಅದು ಮೊದಲನೆಯ ಬ್ರೇಕಿನ ಮಾತು. ನಾನು ಹೇಳುತ್ತಿರುವುದು ಹತ್ತನೆಯದ್ದು.

ಮೇಘಾ: ಇದರಲ್ಲಿ ವಿನಯಣ್ಣನ ಮಾತು ಸರಿ. ವೇಗ ನಾಲ್ಕು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಾಖ ಹದಿನಾರು ಪಟ್ಟಾಗುತ್ತದೆ. ಕಾರು, ಚಾಲಕ ಸೇರಿ 1,450 ಕಿಲೋ ಎಂದುಕೊಳ್ಳಿ. ಗಂಟೆಗೆ 160 ಕಿ.ಮೀ.ನಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ನಾಲ್ಕೂವರೆ ಲೀಟರ್ ನೀರು ಕುದಿಯುತ್ತದೆ. ಊಟದ ಮನೆಯ ದೊಡ್ಡ ಸಾರಿನ ಪಾತ್ರೆ. ಟ್ರ್ಯಾಕ್‌ನಲ್ಲಿ ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ದೊಡ್ಡ ಡಿಸ್ಕ್ ಎಂದರೆ ದೊಡ್ಡ ಪಾತ್ರೆ, ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಿಲ್ಲುವ ದೂರಕ್ಕಾಗಿ ಅದನ್ನು ಹಾಕಿಸುವುದಲ್ಲ, ಶಾಖಕ್ಕಾಗಿ.

ವಿನಯ: ಕೇಳಿದೆಯಾ ಅಣ್ಣ?

ಮೇಘಾ: ಇನ್ನೂ ಮುಗಿದಿಲ್ಲ. ಈ ಕಿಟ್ ಮುಂದಿನ ಚಕ್ರಗಳಿಗೆ ಮಾತ್ರ. ಕೇಮನ್‌ನ ಎಂಜಿನ್ ಸೀಟಿನ ಹಿಂದಿದೆ, ಆದ್ದರಿಂದ ಹಿಂದಿನ ಬ್ರೇಕ್‌ಗಳೂ ಚೆನ್ನಾಗಿ ದುಡಿಯುತ್ತವೆ. ಮುಂದೆ ದೊಡ್ಡ ಪಿಸ್ಟನ್, ದೊಡ್ಡ ಡಿಸ್ಕ್ ಕೂರಿಸಿ ಹಿಂದಿನದನ್ನು ಹಾಗೆಯೇ ಬಿಟ್ಟರೆ ಭಾರವೆಲ್ಲ ಮುಂದಿನ ಟೈರುಗಳ ತಲೆಗೆ ಬರುತ್ತದೆ, ಹಿಂದಿನವು ಸಂಬಳ ತೆಗೆದುಕೊಂಡು ಸುಮ್ಮನೆ ಕೂರುತ್ತವೆ. ಆಗ ನಿಲ್ಲುವ ದೂರ ಹೆಚ್ಚಿದರೂ ಹೆಚ್ಚೀತು. ಮುಂದೆ ಹಿಂದೆ ಲೆಕ್ಕ ಹಾಕಿ ಹೊಂದಿಸಿದ ಕಿಟ್ ಬೇರೆ ಮಾತು.

ಪದ್ಮ ಅತ್ತೆ: ನಾನು ಇಪ್ಪತ್ತೆಂಟು ವರ್ಷ ವಿಮಾ ಕಚೇರಿಯಲ್ಲಿ ಕ್ಲೇಮ್ ಕಡತ ನೋಡಿದವಳು. ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಒಂದು ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಸಂಘಟಿತ ರೇಸು, ವೇಗಪರೀಕ್ಷೆ ಇವಕ್ಕೆ ವಿಮೆ ಇಲ್ಲ. ಮೊನ್ನೆ ಮಣ್ಣಿನ ಬದಲು ಗೋಡೆ ಸಿಕ್ಕಿದ್ದರೆ ಪೂರ್ತಿ ಖರ್ಚು ನಿಮ್ಮಿಬ್ಬರ ಜೇಬಿನದು. ಇನ್ನು ಕಂಪನಿ ಕೊಟ್ಟದ್ದನ್ನು ಬದಲಿಸಿದರೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ವಾಹನದ ಮೂಲ ರೂಪ ಬದಲಿಸುವ ಬಗೆಗಿನ, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನೂ ಒಮ್ಮೆ ಓದಿಕೊಳ್ಳಿ.

ನಾನು: ಇದಕ್ಕಿಂತ ಇನ್ನೇನು ಬೇಕು? ಹಣ ದಂಡ, ಸಮತೋಲನ ಕೆಡುತ್ತದೆ, ವಿಮೆಗೆ ಕುತ್ತು. ಪೋರ್ಷೆಯವರು ಹಾಕಿದ ಬ್ರೇಕ್ ಸಾಕು. ನೀನು ಸ್ವಲ್ಪ ಬೇಗ ಬ್ರೇಕ್ ಹಾಕುವುದನ್ನು ಕಲಿ.

ಕೊನೆಯ ವಾಕ್ಯ ಬರೆಯಬಾರದಿತ್ತು. ಆಗ ಬಹಳ ಹಿತವಾಗಿತ್ತು.

ವಿನಯ: ಪೆಡಲ್ ನೆಲ ಮುಟ್ಟಿದಾಗ ಕಾಲು ಇಟ್ಟಿದ್ದವನು ನಾನು. ನೀನು ಆ ಹೊತ್ತಿಗೆ ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾಯುತ್ತಿದ್ದೆ.

ಶನಿವಾರ

ಬೆಳಿಗ್ಗೆ ಆರೂವರೆಗೆ ಚಿಕ್ಕಪ್ಪನ ಧ್ವನಿ ಸಂದೇಶ ಬಂತು, ನಾಲ್ಕು ನಿಮಿಷದ್ದು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು, ಅದರಲ್ಲಿ ಹೆಚ್ಚಿನ ವರ್ಷ ಶಿರಾಡಿ ಘಾಟಿಯಲ್ಲಿ. ಟೈಪ್ ಮಾಡುವುದಿಲ್ಲ. ಹಿನ್ನೆಲೆಯಲ್ಲಿ ಕುಕ್ಕರಿನ ಶಿಳ್ಳೆ ಇತ್ತು. ಬರೆದುಕೊಂಡಷ್ಟು ಇದು:

ಚಿಕ್ಕಪ್ಪ: ಏನಪ್ಪಾ ವಿನಯ, ಎಲ್ಲರೂ ಔಷಧಿಯ ಬೆಲೆ ಮಾತನಾಡುತ್ತಿದ್ದೀರಿ, ಕಾಯಿಲೆ ಏನೆಂದು ಒಬ್ಬರೂ ಕೇಳಲಿಲ್ಲ. ನನಗೆ ಎರಡೇ ಉತ್ತರ ಬೇಕು. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲಲಿಲ್ಲವೋ, ಅಥವಾ ಪೆಡಲ್ಲೇ ಮೆತ್ತಗಾಗಿ ಕೆಳಗೆ ಹೋಯಿತೋ? ಕಾರು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಪೆಡಲ್ ಹೇಗಿತ್ತು? ನಮ್ಮ ಬಸ್ಸಿನದು ಗಾಳಿ ಬ್ರೇಕು, ಅದರ ಕಥೆ ಬೇರೆ. ಡಿಪೊ ಜೀಪಿನದು ಎಣ್ಣೆ ಬ್ರೇಕು. ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಗೊತ್ತಿಲ್ಲದ ಹುಡುಗನೊಬ್ಬ ಗುಂಡ್ಯದವರೆಗೂ ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಸಿದ. ಕೆಳಗೆ ಬರುವ ಹೊತ್ತಿಗೆ ಪೆಡಲ್ ನೆಲ ಕಂಡಿತು. ಹಳ್ಳದ ನೀರು ಕುಡಿದು, ಬೀಡಿ ಸೇದಿ ಬಂದು ನೋಡಿದರೆ ಮತ್ತೆ ಕಲ್ಲಿನ ಹಾಗೆ ಗಟ್ಟಿ. ಅವನು ದೆವ್ವ ಎಂದ. ಮೆಕ್ಯಾನಿಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ.

ವಿನಯ: ಮೆತ್ತಗಾಗಿ ಕೆಳಗೆ ಹೋಯಿತು ಚಿಕ್ಕಪ್ಪ. ಮಧ್ಯಾಹ್ನ ನೋಡಿದಾಗ ಗಟ್ಟಿಯಾಗಿತ್ತು.

ಮೇಘಾ: ಅಪ್ಪ ಹಿಡಿದುಬಿಟ್ಟರು. ಪ್ಯಾಡ್ ಸೋತಿದ್ದರೆ ಪೆಡಲ್ ಗಟ್ಟಿಯಾಗಿರುತ್ತದೆ, ಎಷ್ಟು ಒತ್ತಿದರೂ ಕಚ್ಚುವುದಿಲ್ಲ. ಮೆತ್ತಗಾಯಿತು ಎಂದರೆ ಬ್ರೇಕ್ ಆಯಿಲ್ ಕುದಿದಿದೆ. ಎಣ್ಣೆ ಅದುಮಿಕೊಳ್ಳುವುದಿಲ್ಲ, ಆವಿ ಅದುಮಿಕೊಳ್ಳುತ್ತದೆ. ನೀವು ತುಳಿದದ್ದೆಲ್ಲ ಗುಳ್ಳೆಗಳನ್ನು ಅದುಮುವುದಕ್ಕೇ ಖರ್ಚಾಯಿತು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿದೆ. ಆದರೆ ಒಮ್ಮೆ ಕುದಿದ ಆಯಿಲನ್ನು ನಂಬಬಾರದು. ಅದರ ಮೇಲೆ ಮುನ್ನೂರು ಕಿಲೋಮೀಟರ್ ಮನೆಗೆ ಓಡಿಸಿಕೊಂಡು ಬಂದಿದ್ದೀರಿ.

ಚಿಕ್ಕಪ್ಪ: (ಧ್ವನಿ, ಆರು ಸೆಕೆಂಡ್) ಆಯಿಲ್ ಬದಲಿಸಿದ್ದು ಯಾವಾಗ?

ಸರ್ವೀಸು ನನ್ನ ಪಾಲು ಎಂದು ಮೊದಲೇ ಹೇಳಿದ್ದೇನೆ. ಕಡತ ತೆಗೆದೆ. ಕಳೆದ ವರ್ಷದ ಅಂದಾಜು ಪಟ್ಟಿಯಲ್ಲಿ ಏಳನೆಯ ಸಾಲು ‘ಬ್ರೇಕ್ ಆಯಿಲ್ ಬದಲಾವಣೆ’. ಅದರ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ ನನ್ನದೇ ಅಕ್ಷರ: ‘ಮುಂದಿನ ಸಲ’. ಕೊನೆಯದಾಗಿ ಬದಲಿಸಿ ಮೂರು ವರ್ಷ ಎಂಟು ತಿಂಗಳಾಗಿತ್ತು. ಎರಡು ವರ್ಷಕ್ಕೊಮ್ಮೆ ಎಂದು ಪೋರ್ಷೆ ಹೇಳುತ್ತದೆ. ಕೆಳಗೆ ಹೋಗಿ ಮುಂದಿನ ಡಿಕ್ಕಿ ಎತ್ತಿ, ಆಯಿಲ್ ಡಬ್ಬಿಗೆ ಟಾರ್ಚ್ ಹಿಡಿದೆ. ಹೊಸ ಆಯಿಲ್ ತೆಳು ಜೇನಿನ ಬಣ್ಣ. ಇದು ಎರಡನೆಯ ಸಲ ನೀರು ಹಾಕಿದ ಡಿಕಾಕ್ಷನ್.

ನಾನು: (ಎರಡು ಚಿತ್ರಗಳು) ತಪ್ಪು ನನ್ನದು. ಈ ಗೆರೆ ಎಳೆದವನು ನಾನೇ.

‘ವಿನಯ ಬರೆಯುತ್ತಿದ್ದಾರೆ’ ಎಂದು ಪರದೆಯ ಮೇಲೆ ಬಂತು. ನಿಂತಿತು. ಮತ್ತೆ ಬಂತು. ಐದಾರು ನಿಮಿಷ ಹೀಗೆಯೇ. ಕೊನೆಗೆ ಬಂದದ್ದು ಎರಡು ಪದ.

ವಿನಯ: ಸರಿ ಅಣ್ಣ.

ಬೈದಿದ್ದರೆ ವಾಸಿಯಿತ್ತು.

ಮೇಘಾ: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ಗುಣಮಟ್ಟದ ಮುದ್ರೆ ಬೀಳಬೇಕಾದರೆ ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಮಿತಿ 155ಕ್ಕೆ ಇಳಿಯುತ್ತದೆ. ಬಸವನಗುಡಿಯಿಂದ ಜಯನಗರಕ್ಕೆ ಹೋಗಿಬರಲು ಅದೂ ಸಾಕು, ಅದಕ್ಕೇ ಶ್ರೀಧರಣ್ಣನಿಗೆ ಎಲ್ಲವೂ ಸರಿಯಾಗಿ ಕಂಡಿತು. ಟ್ರ್ಯಾಕ್‌ಗೆ ಸಾಲದು.

ವಿನಯ: ಹಾಗಾದರೆ ಡಾಟ್ 5 ಹಾಕಿಸೋಣವೇ? ನಾಲ್ಕಕ್ಕಿಂತ ಒಂದು ಹೆಚ್ಚು.

ಮೇಘಾ: ಮುಟ್ಟಬೇಡಿ. ಅದು ಸಿಲಿಕಾನ್, ಇದರ ಜೊತೆ ಬೆರೆಯುವುದಿಲ್ಲ, ಎಬಿಎಸ್‌ಗೂ ಒಗ್ಗುವುದಿಲ್ಲ. ಡಾಟ್ 5.1 ಬೇರೆ, ಅದು ನಾಲ್ಕರ ಬಳಗದ್ದೇ. ನಿಮಗೆ ಬೇಕಾದದ್ದು 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್. ಅದನ್ನು ಬೇಗ ಬೇಗ ಬದಲಿಸುತ್ತಿರಬೇಕು, ಯಾರೂ ಗೆರೆ ಎಳೆಯಬಾರದು. ಜೊತೆಗೆ ನಾಲ್ಕೂ ಚಕ್ರಕ್ಕೆ ಒಂದೇ ಜಾತಿಯ ಟ್ರ್ಯಾಕ್ ಪ್ಯಾಡ್. ಅಪ್ಪಟ ರೇಸ್ ಪ್ಯಾಡ್ ಬೇಡ. ಅದು ಬಿಸಿಯಾಗುವವರೆಗೆ ಕಚ್ಚುವುದಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ಮುಂದಿನ ಆಟೊದವನ ಜೊತೆ ಪರಿಚಯವಾಗುತ್ತದೆ. ಹೊಸ ಪ್ಯಾಡ್ ಕೂರಿಸಿದ ಮೇಲೆ ಪಳಗಿಸಬೇಕು, ಅದರ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಹತ್ತಬೇಕು. ಇನ್ನು 911 ಜಿಟಿ3ಯ ಪ್ಲಾಸ್ಟಿಕ್ ಗಾಳಿಬುಟ್ಟಿಗಳನ್ನು ಕೆಳಗೆ ಸಿಕ್ಕಿಸಿದರೆ ಡಿಸ್ಕಿಗೆ ಗಾಳಿ ನುಗ್ಗುತ್ತದೆ. ಕಿಟ್‌ನ ಬೆಲೆಯ ಮುಂದೆ ಇದೆಲ್ಲ ಚಿಲ್ಲರೆ.

ವಿನಯ: ಡಿಸ್ಕ್?

ಮೇಘಾ: ಟಾರ್ಚ್ ಹಿಡಿದು ರಂಧ್ರಗಳ ಸುತ್ತ ನೋಡಿ. ತೂತು ಕೊರೆದ ಡಿಸ್ಕ್ ಟ್ರ್ಯಾಕ್‌ನಲ್ಲಿ ಬಿರುಕು ಬಿಡುವುದು ಅಲ್ಲಿಂದಲೇ. ಒಂದು ತೂತಿನಿಂದ ಇನ್ನೊಂದಕ್ಕೆ ಗೆರೆ ಸೇರಿದ್ದರೆ ಎಸೆಯಿರಿ.

ನಾನು: ಆಯಿಲ್, ಪ್ಯಾಡ್ ಪೂರ್ತಿ ನನ್ನ ಖರ್ಚು.

ವಿನಯ: ಒಪ್ಪಿದೆ. ಆದರೆ ಕಿಟ್ ಬೇಡ ಎಂದು ನಾನು ಒಪ್ಪಿಲ್ಲ. ಹಿಡಿತದ ಟೈರು ಹಾಕಿ ಇನ್ನೂ ವೇಗವಾಗಿ ಓಡಿಸಿದರೆ ಈ 318 ಸಾಲುವುದಿಲ್ಲ. ಹೌದೇ ಮೇಘಾ?

ಮೇಘಾ: ಆಗ ಸಾಲದಿರಬಹುದು. ನಾಲ್ಕೂ ಚಕ್ರದ ಕಿಟ್ ನೋಡಿ.

ಪದ್ಮ ಅತ್ತೆ: ಕಪ್ಪು ಬಣ್ಣದ್ದು.

ಚಿಕ್ಕಪ್ಪ: (ಧ್ವನಿ) ನಾಳೆ ಬೆಳಿಗ್ಗೆ ಆಯಿಲ್ ನಾನೇ ಬದಲಿಸುತ್ತೇನೆ, 11ರ ಸ್ಪ್ಯಾನರ್ ನನ್ನ ಬಳಿ ಇದೆ. ಚಕ್ರಕ್ಕೆ ಎರಡು ನಿಪ್ಪಲ್, ಒಟ್ಟು ಎಂಟು ಕಡೆ ಗಾಳಿ ತೆಗೆಯಬೇಕು. ಪೆಡಲ್ ಒತ್ತಲು ಒಬ್ಬರು ಬೇಕು. ‘ಒತ್ತು’ ಎಂದಾಗ ನಿಧಾನವಾಗಿ ಒತ್ತಬೇಕು, ‘ಬಿಡು’ ಎನ್ನುವವರೆಗೆ ಕಾಲು ಎತ್ತಬಾರದು. ಮಧ್ಯದಲ್ಲಿ ಮೊಬೈಲ್ ನೋಡುವವರು ಬೇಡ. ಹಾಗಾಗಿ ಶ್ರೀಧರನೂ ಬೇಡ, ವಿನಯನೂ ಬೇಡ.

ಅಮ್ಮ: ನಾನು ಒತ್ತುತ್ತೇನೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಇದು.

ಚಿಕ್ಕಪ್ಪ: (ಧ್ವನಿ, ನಾಲ್ಕು ಸೆಕೆಂಡ್) ಹಾಗಾದರೆ ಏಳು ಗಂಟೆಗೆ ಬನ್ನಿ ಅತ್ತಿಗೆ. ಚಪ್ಪಲಿ ಬೇಡ, ಬರಿಗಾಲಿನಲ್ಲಿ.