ಸವಳು ನೆಲದ ಅಂಗಳಕ್ಕೆ ಯಾವ ಹುಲ್ಲು?

ಪ್ರಶ್ನೆ (ಸಿಂಧನೂರು ತಾಲ್ಲೂಕಿನಿಂದ): ನಮಸ್ಕಾರ ಸರ್. ಶಾಲೆಯ ಮುಂದೆ ಹಸಿರು ಇರಲಿ ಅಂತ ಊರವರೆಲ್ಲ ಸೇರಿ ದುಡ್ಡು ಹಾಕಿ ನರ್ಸರಿಯಿಂದ ಹಾಸು ಹುಲ್ಲು ತಂದು ಹಾಕಿದೆವು. ದಿನಾ ಸಂಜೆ ಬೋರ್ ನೀರು ಚಿಮುಕಿಸಿದೆವು. ಬೇಸಿಗೆ ಹೊತ್ತಿಗೆ ತುದಿ ಸುಟ್ಟ ಹಾಗಾಗಿ ಎಲ್ಲ ಒಣಗಿತು. ಈಗ ನೆಲದ ಮೇಲೆ ಬಿಳಿ ಪುಡಿ ಕಾಣ್ತಿದೆ. ಕಾಂಪೌಂಡಿನ ಹಿಂದೆಯೇ ಭತ್ತದ ಗದ್ದೆ. ಕೆಂಪು ಮಣ್ಣು ಹೊಡೆಸಿ ಇನ್ನೊಮ್ಮೆ ಹಾಕೋಣವೇ?

ಉತ್ತರ: ನಮಸ್ಕಾರ. ಕೆಂಪು ಮಣ್ಣಿಗೆ ಈಗಲೇ ದುಡ್ಡು ಹಾಕಬೇಡಿ. ಉಪ್ಪು ಎಲ್ಲಿಂದ ಬರುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಅಕ್ಕಪಕ್ಕದ ಕಪ್ಪು ಮಣ್ಣಿನ ಅಡಿಯಲ್ಲೂ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹಾಕಿದರೂ ಅದೇ ಉಪ್ಪು ಅದರೊಳಗೂ ಏರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಎಷ್ಟೋ ಹೊಲಗಳು ಸವಳು (ಉಪ್ಪು ಸೇರಿದ್ದು), ಜವಳು (ನೀರು ನಿಂತದ್ದು) ಆಗಿದ್ದು ಹೀಗೇ ಅಲ್ವಾ?

ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸೋದನ್ನು ದಯವಿಟ್ಟು ನಿಲ್ಲಿಸಿ. ಆ ನೀರು ಬೇರಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ, ತನ್ನ ಉಪ್ಪನ್ನು ಮಾತ್ರ ಬಿಟ್ಟು ಹೋಗುತ್ತದೆ. ಕೊಡುವಾಗ ಚೆನ್ನಾಗಿ ಇಳಿಯುವಷ್ಟು ಕೊಡಿ, ಆಮೇಲೆ ಕೆಲವು ದಿನ ಬಿಡಿ. ಗದ್ದೆ ಇರುವ ಮಗ್ಗುಲಲ್ಲಿ ಒಂದು ಬಸಿಗಾಲುವೆ ತೆಗೆಯಿರಿ. ಬಸಿದು ಹೋಗಲು ದಾರಿ ಇಲ್ಲದಿದ್ದರೆ ಯಾವ ಹುಲ್ಲೂ ಬಹಳ ದಿನ ಬಾಳುವುದಿಲ್ಲ.

ಹುಲ್ಲಿನ ವಿಷಯಕ್ಕೆ ಬಂದರೆ, ಅಂಗಳಕ್ಕೆ ನನ್ನ ಮೊದಲ ಆಯ್ಕೆ ಗರಿಕೆ. ನಿಮ್ಮ ಕಡೆ ಕರಿಕೆ ಅಂತಾರೆ. ಮಣ್ಣಿನ ಇಸಿ (ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ, ಡೆಸಿಸೀಮೆನ್ಸ್/ಮೀಟರ್ ಲೆಕ್ಕದಲ್ಲಿ) 4 ದಾಟಿದರೆ ಸವಳು ಅಂತ ಲೆಕ್ಕ; ಗರಿಕೆ ಸುಮಾರು 7ರವರೆಗೆ ಕುಗ್ಗದೆ ಬೆಳೆಯುತ್ತದೆ. ಮಕ್ಕಳು ತುಳಿದರೂ ಚಿಗುರುತ್ತದೆ. ನರ್ಸರಿಗೆ ಹೋಗಬೇಡಿ. ಸುತ್ತಮುತ್ತ ಬಿಳಿ ಪುಡಿ ಇರುವ ಬದುವಿನಲ್ಲೇ ಹಸಿರಾಗಿ ನಿಂತಿರುವ ಗರಿಕೆಯ ಬಳ್ಳಿ ಕಿತ್ತು ತನ್ನಿ. ಅಲ್ಲಿ ಬದುಕಿದ ಬಳ್ಳಿ ಉಪ್ಪಿಗೆ ಆಗಲೇ ಒಗ್ಗಿರುತ್ತದೆ. ಮುಂಗಾರು ಹಿಡಿದ ಮೇಲೆ ನೆಡಿ, ಮಳೆ ನೀರು ಉಪ್ಪನ್ನು ಕೆಳಕ್ಕೆ ತಳ್ಳುತ್ತದೆ. ಏರು ಮಡಿ ಮಾಡಿದ್ದರೆ ನೆತ್ತಿಯ ಮೇಲೆ ಬೇಡ, ಉಪ್ಪು ಸೇರುವುದೇ ಅಲ್ಲಿ. ಮಗ್ಗುಲಿಗೆ ನೆಡಿ. ಬೇವಿನ ಮರದ ಅಡಿ ಮಾತ್ರ ಆಸೆ ಬಿಡಿ, ಗರಿಕೆಗೆ ನೆರಳು ಆಗುವುದಿಲ್ಲ.

ಮರುಪ್ರಶ್ನೆ (ಕಾರಟಗಿಯಿಂದ): ಸರ್, ಜಿಪ್ಸಂ ಹಾಕಿದರೆ ಸಾಕು ಅಂತ ಎಲ್ಲರೂ ಹೇಳ್ತಾರಲ್ಲ?

ಉತ್ತರ: ಅದಕ್ಕೇ ಮಣ್ಣು ಪರೀಕ್ಷೆ ಮಾಡಿಸಿ ಅನ್ನೋದು. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8.5 ದಾಟಿ, ಸೋಡಿಯಂ ಜಾಸ್ತಿಯಾಗಿ, ಮಣ್ಣು ಬಿಗಿದುಕೊಂಡು ನೀರು ಇಳಿಯದಿದ್ದರೆ ಅದು ಕ್ಷಾರ ಮಣ್ಣು. ಅಲ್ಲಿ ಜಿಪ್ಸಂ ಕೆಲಸ ಮಾಡುತ್ತದೆ. ಇಸಿ ಮಾತ್ರ ಜಾಸ್ತಿ ಇದ್ದು ಪಿಎಚ್ 8.5ರ ಒಳಗಿದ್ದರೆ ಜಿಪ್ಸಂನಿಂದ ಲಾಭವಿಲ್ಲ. ಒಳ್ಳೆಯ ನೀರು ಕಟ್ಟಿ, ಉಪ್ಪನ್ನು ಬಸಿದು ಹೊರಗೆ ಕಳಿಸಬೇಕು. ಮೇಲಿನ ಬಿಳಿ ಪುಡಿ ಕೆರೆದು ಮಾದರಿ ಅಂತ ಒಯ್ಯಬೇಡಿ. ಅರ್ಧ ಅಡಿವರೆಗಿನದು ಒಂದು, ಅದರ ಕೆಳಗಿನ ಅರ್ಧ ಅಡಿ ಇನ್ನೊಂದು ಚೀಲ. ಬೋರ್ ನೀರೂ ಒಂದು ಬಾಟಲಿ ಇರಲಿ. ನಿಮಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವೇ ಹತ್ತಿರ. ಸವಳು ಮಣ್ಣಿನ ಮೇಲೆ ಅಲ್ಲಿ ಬಹಳ ಕೆಲಸ ನಡೆದಿದೆ.

ಪ್ರಶ್ನೆ (ಬಳ್ಳಾರಿಯಿಂದ): ನಮ್ಮಲ್ಲಿ ಕಾಲುವೆ ಇಲ್ಲ, ಬರೀ ಒಣ ನೆಲ. ಉಪ್ಪು ಅಷ್ಟೇನಿಲ್ಲ.

ಉತ್ತರ: ಹಾಗಾದರೆ ಅಂಜನ್ ಹುಲ್ಲು ನೋಡಿ ಮೇಡಂ. ಬರಕ್ಕೆ ಗಟ್ಟಿ, ದನಕ್ಕೂ ಮೇವು. ಪೊದೆ ಪೊದೆಯಾಗಿ ಬೆಳೆಯುತ್ತದೆ, ಹಾಸಿನಂತೆ ಹಬ್ಬುವುದಿಲ್ಲ.

ಮರುಪ್ರಶ್ನೆ (ಸಿಂಧನೂರು): ಸರ್, ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ?

ಉತ್ತರ: ಬಸಿಗಾಲುವೆಯ ಅಂಚಿಗೆ ಲಾವಂಚ ಸಾಲು ಹಾಕಿ, ಆಳದ ಬೇರು ದಂಡೆ ಕುಸಿಯದಂತೆ ಹಿಡಿಯುತ್ತದೆ. ನೀರು ನಿಲ್ಲುವ ಜಾಗಕ್ಕೆ ಕರ್ನಾಲ್ ಹುಲ್ಲು. ನೀರೂ ಕ್ಷಾರವೂ ಒಟ್ಟಿಗೆ ಇದ್ದರೂ ತಡೆಯುತ್ತದೆ, ಎತ್ತರ ಬೆಳೆಯುತ್ತದೆ, ಕೊಯ್ದು ದನಕ್ಕೆ ಹಾಕಬಹುದು. ದರ್ಭೆಯೂ ಇಂಥ ನೆಲ ತಡೆಯುತ್ತದೆ. ಆದರೆ ಅದರ ಎಲೆಯಂಚು ಕೈ ಕೊಯ್ಯುತ್ತದೆ, ಮಕ್ಕಳು ಆಡುವ ಕಡೆ ಬೇಡ.